ಪರದೆ ಬರೆದವರು ಕಟ್ಟಿದ ಲೋಕ

ಕನ್ನಡ ಮಾತಾಡಿದ ಮೊದಲ ಸಿನಿಮಾದ ಲಂಕೆ ಎದ್ದದ್ದು ಕೊಲ್ಹಾಪುರದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಚಿತ್ರೀಕರಣ ಅಲ್ಲಿನ ಛತ್ರಪತಿ ಸ್ಟುಡಿಯೊದಲ್ಲಿ ನಡೆದಿತ್ತು. ನಿರ್ಮಾಪಕ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕ ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು. ಸುಮಾರು ಎರಡು ತಿಂಗಳ ಕೆಲಸ, 40,000 ರೂಪಾಯಿ ಖರ್ಚು. ಬೆಂಗಳೂರಿನಿಂದ ಕೊಲ್ಹಾಪುರಕ್ಕೆ ರೈಲು ಹಿಡಿದರೆ ಹುಬ್ಬಳ್ಳಿ, ಬೆಳಗಾವಿ ದಾಟಿ ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳ ಮೇಲೆ ಹಾದು ಮೀರಜ್ ಮುಟ್ಟಬೇಕು. ರಸ್ತೆ ಹಿಡಿದರೆ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಆಮೇಲೆ ನಿಪ್ಪಾಣಿ, ಕಾಗಲ್. ಗೋಕಾಕ, ಹುಕ್ಕೇರಿಯವರಿಗೆ ಕೊಲ್ಹಾಪುರ ಸಂತೆಗೆ ಹೋಗಿಬರುವ ಊರು. ಬೆಂಗಳೂರಿನ ಸಿನಿಮಾದವರಿಗೆ ಮಾತ್ರ ಅದು ಇನ್ನೊಂದು ಸೀಮೆ. ಆದರೂ ಅವರು ಅಷ್ಟು ದೂರ ಹೋದರು. ರಾಕ್ಷಸರ ಪಟ್ಟಣವನ್ನು ಹಲಗೆ, ಗಾರೆ, ಬಣ್ಣದಲ್ಲಿ ಎಬ್ಬಿಸಬಲ್ಲ ಕೈಗಳು ಅಲ್ಲಿದ್ದವು.

ಯಾರೂ ಕಾಣದ ಲೋಕವನ್ನು ಕ್ಯಾಮೆರಾ ಹೊರಡುವ ಮೊದಲೇ ಬರೆದು ತೋರಿಸುವ ಕೆಲಸಕ್ಕೆ ಈಗ ಕಾನ್ಸೆಪ್ಟ್ ಆರ್ಟ್ ಅನ್ನುತ್ತಾರೆ. ‘ಸ್ಟಾರ್ ವಾರ್ಸ್’ನಂಥ ವೈಜ್ಞಾನಿಕ ಸಿನಿಮಾ ಸರಣಿಗಳಿಂದ ಈ ಮಾತಿಗೆ ಬೆಲೆ ಬಂತು. ಕೆಲಸ ಮಾತ್ರ ಅದಕ್ಕಿಂತ ಹಳೆಯದು. ನಮ್ಮ ಕಡೆ ಅದು ಹುಟ್ಟಿದ್ದು ನಾಟಕ ಕಂಪನಿಯ ಪರದೆಯ ಮೇಲೆ.

ಪರದೆ ಬರುವ ಮೊದಲಿನ ಆಟ ಹೇಗಿತ್ತೆಂದು ತಿಳಿಯಲು ಮೂಡಲಗಿ ತಾಲ್ಲೂಕಿನ ಕುಲಗೋಡಕ್ಕೆ ಹೋಗಬೇಕು. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನಿಂದ ಬಂದ ಶ್ರೀಕೃಷ್ಣ ಪಾರಿಜಾತಕ್ಕೆ ಈಗ ನಾವು ಕಾಣುವ ಮೈಕಟ್ಟು ಕೊಟ್ಟವನು 19ನೇ ಶತಮಾನದ ಕುಲಗೋಡ ತಮ್ಮಣ್ಣ. ಅದನ್ನು ಊರೂರಿಗೆ ಒಯ್ದು ಮನೆಮಾತು ಮಾಡಿದವಳು ಹತ್ತಿರದ ಕೌಜಲಗಿಯ ನಿಂಗಮ್ಮ. ಕಥೆಯಲ್ಲಿ ದ್ವಾರಕೆ ಇದೆ, ಇಂದ್ರನ ತೋಟದಿಂದ ಬಂದ ಹೂವಿದೆ, ಆಕಾಶದಿಂದ ಇಳಿಯುವ ನಾರದನಿದ್ದಾನೆ. ಅಟ್ಟದ ಮೇಲೆ ಮಾತ್ರ ಇವು ಯಾವುವೂ ಇಲ್ಲ. ಭಾಗವತ ಕೇಳುತ್ತಾನೆ, ದೂತಿ ಹೇಳುತ್ತಾಳೆ, ಹಿಮ್ಮೇಳ ಎತ್ತಿಕೊಡುತ್ತದೆ, ಅಷ್ಟರಲ್ಲಿ ಅರಮನೆ ಆಯಿತು. ಬೆಳತನಕ ಕೂತು ನೋಡುವ ನೂರು ಮಂದಿಗೆ ನೂರು ದ್ವಾರಕೆ. ಸತ್ಯಭಾಮೆಯ ಮಹಲಿಗೆ ಎಷ್ಟು ಕಂಬ ಎಂದು ಯಾರೂ ತೀರ್ಮಾನಿಸಬೇಕಾಗಿರಲಿಲ್ಲ.

ಪರದೆ ಬಂದ ಮೇಲೆ ಒಬ್ಬ ತೀರ್ಮಾನಿಸಬೇಕಾಯಿತು. ಕಂಬ ಎಷ್ಟು, ಬಣ್ಣ ಯಾವುದು, ಇಂದ್ರನ ಸಿಂಹಾಸನಕ್ಕೆ ಎಷ್ಟು ಮೆಟ್ಟಿಲು ಎಂಬುದೆಲ್ಲ ಅವನ ಪಾಲಿಗೆ ಬಂತು. ಈ ಅಧಿಕಾರ ಕವಿಯ ಕೈಯಿಂದ ಬಣ್ಣದವನ ಕೈಗೆ ಜಾರಿದ ಕಾಲವನ್ನು ಸರಿಸುಮಾರು ಗುರುತಿಸಬಹುದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದಾಗ ಅದಕ್ಕೆ ಪ್ರೇರಣೆಯಾಗಿದ್ದದ್ದು ಉತ್ತರ ಕನ್ನಡದಿಂದ ಬಂದ ಭಾಗವತರ ಮೇಳ. ಗದಗಿನಲ್ಲಿ ಶಾಂತಕವಿಗಳು ಮರಾಠಿ ಆಟಗಳಿಗೆ ಎದುರಾಗಿ ಕನ್ನಡ ನಾಟಕ ಕಟ್ಟಿದರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿಯ ಲಲಿತಕಲಾದರ್ಶ ಕಂಪನಿಯನ್ನು ಕೇಶವರಾವ್ ಭೋಸಲೆ 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಬೆಳಗಾವಿ ಸೀಮೆಯಿಂದ ಕೊಣ್ಣೂರು ಕಂಪನಿ ಎದ್ದು ಹೆಸರು ಮಾಡಿತು. ಭಾಷೆ ಯಾವುದೇ ಇರಲಿ, ಬೆನ್ನ ಹಿಂದಿನ ಪರದೆ ಒಂದೇ ಬಗೆಯದು.

ಆ ಪರದೆ ತಯಾರಾಗುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಮೊದಲು ಅಂಗೈಯಗಲದ ಕಾಗದದ ಮೇಲೆ ನಕಾಶೆ. ಅದರ ಮೇಲೆ ಚೌಕುಳಿ ಗೆರೆ. ಆಮೇಲೆ ಚಾವಡಿಯ ನೆಲದಲ್ಲೋ ಗೋಡೆಗೋ ಬಿಗಿದ ಖಾದಿ ಬಟ್ಟೆಗೆ ಸುಣ್ಣದ ಪುಡಿ ಅಂಟು ಸೇರಿಸಿ ಒಂದು ಕೈ ಬಳಿದು ಒಣಗಿಸುತ್ತಾರೆ. ಬಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದೆಳೆದು ನಡುವೆ ಚಿಮ್ಮಿದರೆ ಬಟ್ಟೆಯ ಮೇಲೂ ಅದೇ ಚೌಕುಳಿ, ಹತ್ತಾರು ಪಟ್ಟು ದೊಡ್ಡದಾಗಿ. ಒಂದೊಂದು ಸಣ್ಣ ಚೌಕದಲ್ಲಿದ್ದದ್ದು ಒಂದೊಂದು ದೊಡ್ಡ ಚೌಕಕ್ಕೆ ಹೋಗುತ್ತದೆ. ಬಣ್ಣದ ಪುಡಿಯನ್ನು ಸರೇಸಿನ ಅಂಟಿನಲ್ಲಿ ಕಲೆಸುವುದು. ಹಸಿ ಇದ್ದಾಗ ಗಾಢವಾಗಿ ಕಂಡದ್ದು ಒಣಗಿದಾಗ ಬಿಳಿಚಿಕೊಳ್ಳುತ್ತದೆ, ಅದರ ಅಂದಾಜು ಇಲ್ಲದವನು ಪರದೆಗೆ ಕೈ ಹಾಕುವಂತಿಲ್ಲ. ರಾತ್ರಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಹಳದಿ ಹೇಗೆ ಕಂಡೀತು, ನೀಲಿ ಎಷ್ಟು ಕಪ್ಪಾದೀತು ಎಂಬುದನ್ನು ಹಗಲಲ್ಲೇ ಲೆಕ್ಕ ಹಾಕಬೇಕು. ನೆಲಕ್ಕೆ ಕಪ್ಪು-ಬಿಳಿ ಚೌಕದ ಹಾಸುಗಲ್ಲು ಬರೆದು, ಅವು ಹಿಂದೆ ಹಿಂದೆ ಹೋದಂತೆ ಕಿರಿದಾಗಿಸಿದರೆ ಹನ್ನೆರಡಡಿಯ ರಂಗದಲ್ಲಿ ಫರ್ಲಾಂಗು ಉದ್ದದ ಓಲಗಶಾಲೆ ಎದ್ದು ನಿಲ್ಲುತ್ತದೆ.

ಕಂಪನಿಗೆ ಹತ್ತಾರು ಪರದೆ ಸಾಕಾಗುತ್ತಿತ್ತು: ಬೀದಿ, ಅರಮನೆ, ಕಾಡು, ತೋಟ, ಸೆರೆಮನೆ, ಕೈಲಾಸ. ಬರುವ ನಾಟಕ ಯಾವುದಾದರೂ ಇದ್ದ ಪರದೆಗಳ ಅಳತೆಗೇ ಹೊಂದಬೇಕು. ಜನ ಬರುತ್ತಿದ್ದದ್ದು ಮಾತ್ರ ಹೊಸ ಸೀನಿಗೆ. ಭೂಮಿ ಬಿರಿಯುವುದು, ನಾರದ ತಂತಿಯ ಮೇಲೆ ಇಳಿಯುವುದು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಾಡು ಅರಮನೆಯಾಗುವುದು. ಹ್ಯಾಂಡ್‌ಬಿಲ್ಲಿನಲ್ಲಿ ‘ಟ್ರಿಕ್ ಸೀನ್’ಗೆ ನಟರಷ್ಟೇ ದಪ್ಪ ಅಕ್ಷರ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಇಷ್ಟಾದರೂ ಪರದೆ ಬರೆದವನ ಹೆಸರು ಹೇಳುವವರು ಕಡಿಮೆ. ಕವಿ, ಮಾಲೀಕ, ಸ್ತ್ರೀ ಪಾತ್ರಧಾರಿ, ಪೇಟಿ ಮಾಸ್ತರ ಎಲ್ಲರ ಚರಿತ್ರೆ ನಮ್ಮ ಹತ್ತಿರ ಇದೆ. ಕಣ್ಣಿಗೆ ಕಂಡದ್ದೆಲ್ಲವನ್ನೂ ಬರೆದವನದು ಇಲ್ಲ. ರಂಗಭೂಮಿಯ ಇತಿಹಾಸ ಬರೆದವರು ಕಿವಿಯಿಂದ ನಾಟಕ ನೋಡಿದರೇನೋ ಎಂದು ನನಗೆ ಅನ್ನಿಸಿದೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಈ ಪರದೆಗಳಲ್ಲಿ ದ್ರೌಪದಿ ಹಾದುಹೋಗುವ ಅರಮನೆಗೆ ವಿಲಾಯತಿ ಕಂಬಗಳು, ಮೇಲೆ ಎಲೆಗೊಂಚಲಿನ ಬೋದಿಗೆ, ಕಮಾನಿನಲ್ಲಿ ಮುಂಬಯಿಯ ಸಾಹೇಬರ ಬಂಗಲೆಯ ಕಳೆ. ನಗುವುದು ಸುಲಭ. ಕಾಣದ್ದನ್ನು ಬರೆಯುವವನು ಕಂಡದ್ದರಿಂದಲೇ ಕಡ ತರಬೇಕು, ಮತ್ತು ನೋಡುವವರಿಗೆ ಅದು ದಿನನಿತ್ಯದ್ದು ಅನ್ನಿಸಬಾರದು. ಗೋಕಾಕದ ರೈತನಿಗೆ ಕೊರಿಂಥಿಯನ್ ಕಂಬ ಇಂದ್ರಲೋಕದಷ್ಟೇ ದೂರ. ಬಣ್ಣದವನ ಲೆಕ್ಕ ಸರಿಯಾಗಿಯೇ ಇತ್ತು.

ಈ ಕಸುಬನ್ನು ಸಿನಿಮಾಕ್ಕೆ ದಾಟಿಸಿದವರು ಕೊಲ್ಹಾಪುರದ ಇಬ್ಬರು ಅಣ್ಣತಮ್ಮಂದಿರು, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು. ಆನಂದರಾವ್ ಮತ್ತು ಬಾಬುರಾವ್ ಮೇಸ್ತ್ರಿ. 1910ರಿಂದ 1916ರವರೆಗೆ ಪಶ್ಚಿಮ ಭಾರತದ ಮರಾಠಿ ಸಂಗೀತ ನಾಟಕ ಕಂಪನಿಗಳಿಗೂ ಗುಜರಾತಿ, ಪಾರ್ಸಿ ಕಂಪನಿಗಳಿಗೂ ಪರದೆ ಬರೆಯುವುದರಲ್ಲಿ ಇವರದು ಮುಂದಿನ ಸಾಲಿನ ಹೆಸರು. ಎಷ್ಟರಮಟ್ಟಿಗೆ ಅಂದರೆ ಮೇಸ್ತ್ರಿ ಹೋಗಿ ಪೇಂಟರ್ ಎಂಬುದೇ ಅಡ್ಡಹೆಸರಾಯಿತು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ನೋಡಿದ ಮೇಲೆ ಇಬ್ಬರಿಗೂ ನಿದ್ದೆ ಹೋಯಿತು. ಮುಂಬಯಿಯ ಗುಜರಿಯಲ್ಲಿ ಹಳೆಯ ಪ್ರೊಜೆಕ್ಟರ್ ಕೊಂಡು ಬಿಚ್ಚಿ ನೋಡಿದರು, ಕ್ಯಾಮೆರಾ ತಾವೇ ಮಾಡಲು ಕೂತರು. ಕೆಲಸ ಅರ್ಧದಲ್ಲಿರುವಾಗಲೇ 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಶಿಷ್ಯ ವಿ.ಜಿ. ದಾಮ್ಲೆಯನ್ನು ಜೊತೆಗಿಟ್ಟುಕೊಂಡು 1918ರಲ್ಲಿ ಆ ಕ್ಯಾಮೆರಾ ಮುಗಿಸಿದರು. ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ಹಣ ಕೊಟ್ಟವರು ಗಾಯಕಿ ತಾನಿಬಾಯಿ ಕಾಗಲ್ಕರ್.

1920ರಲ್ಲಿ ‘ಸೈರಂಧ್ರಿ’ ಬಂತು. ಕೀಚಕನ ವಧೆ ಅದೆಷ್ಟು ನಿಜದಂತಿತ್ತೆಂದರೆ ಸೆನ್ಸಾರಿನವರು ಕತ್ತರಿ ಎತ್ತಿಕೊಂಡರು. ಲೋಕಮಾನ್ಯ ತಿಲಕರು ಬಾಬುರಾಯರಿಗೆ ‘ಸಿನಿಮಾ ಕೇಸರಿ’ ಎಂದು ಬಿರುದು ಕೊಟ್ಟರು. ನಮ್ಮ ಮಾತಿಗೆ ಮುಖ್ಯವಾದದ್ದು ಬಾಬುರಾಯರು ಕೆಲಸ ಮಾಡುತ್ತಿದ್ದ ರೀತಿ. ಚಿತ್ರೀಕರಣಕ್ಕೆ ಮೊದಲು ಪಾತ್ರ, ಉಡುಪು, ನಿಲುವು, ಚಲನೆ ಎಲ್ಲವನ್ನೂ ಕಾಗದದ ಮೇಲೆ ಬರೆದಿಡುವವರು ಅವರು. ಇಡೀ ಜೀವಮಾನ ಪರದೆ ಬರೆದ ಮನುಷ್ಯನೇ ಪರದೆಯನ್ನು ಕಿತ್ತುಹಾಕಿದ್ದು ಇನ್ನೂ ಸ್ವಾರಸ್ಯ. ಚಪ್ಪಟೆ ಬಟ್ಟೆ ಕ್ಯಾಮೆರಾದ ಮುಂದೆ ಸುಳ್ಳಾಡುತ್ತದೆ ಎಂದು ಕಂಡುಕೊಂಡು, ಪಾತ್ರಗಳು ಓಡಾಡಬಲ್ಲ, ಒರಗಬಲ್ಲ ಗಟ್ಟಿ ಸೆಟ್ಟುಗಳನ್ನು ಕಟ್ಟಿಸಿದರು. ‘ಸಿಂಹಗಡ’ಕ್ಕೆ ಕೃತಕ ಬೆಳಕು ಹಚ್ಚಿ ರಾತ್ರಿಯನ್ನು ಹುಟ್ಟಿಸಿದರು. ಪೋಸ್ಟರನ್ನೂ ತಮ್ಮ ಕೈಯಿಂದಲೇ ಬರೆದರು. ಕ್ಯಾಮೆರಾದಿಂದ ಜಾಹೀರಾತಿನವರೆಗೆ ಒಂದೇ ಕಣ್ಣು, ಒಂದೇ ಕೈ.

ಆ ಗರಡಿಯಲ್ಲಿ ಪಳಗಿದವರಲ್ಲಿ ಕಾಗಲ್‌ನಲ್ಲಿ ಹುಟ್ಟಿದ ಶೇಖ್ ಫತ್ತೇಲಾಲ್ ಒಬ್ಬರು. ಕಾಗಲ್ ಅಂದರೆ ಸಂಕೇಶ್ವರ, ನಿಪ್ಪಾಣಿ ದಾಟಿದ ಕೂಡಲೇ ಬರುವ ಗಡಿಯ ಊರು. 1929ರಲ್ಲಿ ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್, ಸೀತಾರಾಮ ಕುಲಕರ್ಣಿ ಸೇರಿ ಕೊಲ್ಹಾಪುರದಲ್ಲಿ ಪ್ರಭಾತ್ ಕಂಪನಿ ತೆಗೆದಾಗ ಅದರ ಕಣ್ಣು ಫತ್ತೇಲಾಲರು, ಕಿವಿ ದಾಮ್ಲೆ. ಇಬ್ಬರೂ ಸೇರಿ ನಿರ್ದೇಶಿಸಿದ ‘ಸಂತ ತುಕಾರಾಮ್’ನಲ್ಲಿ ತುಕಾರಾಮರು ವಿಮಾನವೇರಿ ವೈಕುಂಠಕ್ಕೆ ಹೋಗುವುದನ್ನು ಜನ ಕೈಮುಗಿದು ನೋಡಿದರು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. ಪ್ರಭಾತ್ 1933ರಲ್ಲಿ ಪುಣೆಗೆ ಹೋದರೂ ಕೊಲ್ಹಾಪುರದಲ್ಲಿ ಬಡಗಿ, ಗಾರೆಯವರು, ಬಣ್ಣದವರು ಉಳಿದಿದ್ದರು. ಕನ್ನಡದ ಸುಲೋಚನೆ ಬಂದಿಳಿದದ್ದು ಆ ಊರಿಗೆ. ಅವಳ ಲಂಕೆ ಹೇಗಿತ್ತೆಂದು ಈಗ ನೋಡುವ ಹಾಗಿಲ್ಲ, ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಬಾಬುರಾಯರು 1921ರಲ್ಲಿ ‘ಸುರೇಖಾ ಹರಣ’ ತೆಗೆದಿದ್ದರು. ನಮ್ಮ ದೊಡ್ಡಾಟದವರಿಗೆ ಅದೇ ಕಥೆ ವತ್ಸಲಾ ಹರಣ. 1957ರಲ್ಲಿ ಮದರಾಸಿನ ವಾಹಿನಿ ಸ್ಟುಡಿಯೊದಲ್ಲಿ ಕೆ.ವಿ. ರೆಡ್ಡಿ ಅದನ್ನೇ ‘ಮಾಯಾಬಜಾರ್’ ಮಾಡಿದರು. ಮಾ. ಗೋಖಲೆ ಮತ್ತು ಕಲಾಧರ್ ಕಲಾ ನಿರ್ದೇಶಕರು, ಮಾರ್ಕಸ್ ಬಾರ್ಟ್ಲಿ ಛಾಯಾಗ್ರಾಹಕ. ದ್ವಾರಕೆಯನ್ನು ಮೇಲಿನಿಂದ ತೋರಿಸಲು 50 ಅಡಿಗೆ 60 ಅಡಿ ಜಾಗದಲ್ಲಿ ಸುಮಾರು 300 ಪುಟ್ಟ ಮನೆಗಳ ಪಟ್ಟಣ ಕಟ್ಟಿದರು. ಕುಲಗೋಡ ತಮ್ಮಣ್ಣ ಒಂದು ಪದದಲ್ಲಿ ಮುಗಿಸಿದ್ದ ಊರು ಅದು.

ಅತ್ತ ಪಡುವಣದಲ್ಲೂ ದಾರಿ ಇದಕ್ಕಿಂತ ಬೇರೆಯದಾಗಿರಲಿಲ್ಲ. 1902ರಲ್ಲಿ ಚಂದ್ರಲೋಕದ ಪ್ರಯಾಣವನ್ನು ಸಿನಿಮಾ ಮಾಡಿದ ಜಾರ್ಜ್ ಮೆಲಿಯೆ ಪ್ಯಾರಿಸ್ಸಿನ ಜಾದೂ ರಂಗಮಂದಿರದ ಮಾಲೀಕ. ಅವನ ಚಂದ್ರನೂ ಬರೆದ ಪರದೆಯೇ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು, ನೀಲಿಗಳು ಮೋಸ ಮಾಡುತ್ತವೆಂದು ಇಡೀ ಸೆಟ್ಟನ್ನು ಬೂದು ಬಣ್ಣದ ಛಾಯೆಗಳಲ್ಲೇ ಬರೆಸುತ್ತಿದ್ದ. ಗ್ಯಾಸ್‌ಬತ್ತಿಗೆ ಹಳದಿಯನ್ನು ಅಳೆಯುತ್ತಿದ್ದ ನಮ್ಮ ಬಣ್ಣದವನಿಗೆ ಈ ಲೆಕ್ಕ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ಜರ್ಮನಿಯ ಫ್ರಿಟ್ಜ್ ಲಾಂಗ್ 1927ರ ‘ಮೆಟ್ರೊಪೊಲಿಸ್’ನಲ್ಲಿ ತೋರಿಸಿದ ಹೆಣ್ಣು ರೋಬಾಟ್ ಥಳಥಳ ಲೋಹದಂತೆ ಕಾಣುತ್ತದೆ. ಶಿಲ್ಪಿ ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ನಟಿಯ ಮೈಯಚ್ಚು ತೆಗೆದು, ಅದರ ಮೇಲೆ ನಾದಿದ ಮರದ ಲೇಪ ಹಚ್ಚಿ, ಒಣಗಿಸಿ, ಬಣ್ಣ ಬಳಿದು ಮಾಡಿದ್ದು ಅದು. ಹಗುರ ಮರ ಮತ್ತು ಊರ ಹತ್ತಿರದ ಒಂದು ಬಗೆಯ ಮಣ್ಣಿನಲ್ಲಿ ಹಣ್ಣು, ಮನುಷ್ಯರ ಗೊಂಬೆ ಮಾಡಿ, ಬಾಳೆಹಣ್ಣೆಂದು ನಂಬಿಸಿಬಿಡುವ ಗೋಕಾಕದ ಚಿತ್ರಗಾರರ ಕಸುಬಿಗೂ ಆ ರೋಬಾಟಿಗೂ ನಡುವೆ ಇರುವುದು ಸಮುದ್ರ ಮಾತ್ರ.

ಅರ್ಧ ಶತಮಾನದ ಮೇಲೆ ಆ ರೋಬಾಟ್ ಮತ್ತೆ ಎದ್ದುಬಂತು. ‘ಸ್ಟಾರ್ ವಾರ್ಸ್’ ಬರೆಯುತ್ತಿದ್ದ ಜಾರ್ಜ್ ಲೂಕಸ್ ಬಾಯಲ್ಲಿ ಹೇಳಿದ ಕಥೆ ಸ್ಟುಡಿಯೊದವರಿಗೆ ತಲೆಗೆ ಹತ್ತಲಿಲ್ಲ. ಆಗ ಅವನು ಹಿಡಿದದ್ದು ರಾಲ್ಫ್ ಮೆಕ್‌ಕ್ವಾರಿ ಎಂಬ ಚಿತ್ರಕಾರನನ್ನು. ಬೋಯಿಂಗ್ ಕಂಪನಿಗೆ ವಿಮಾನದ ಬಿಡಿಭಾಗಗಳನ್ನು ಬರೆದುಕೊಟ್ಟಿದ್ದವನು, ಟಿವಿ ಸುದ್ದಿಗೆ ಅಪೊಲೊ ಚಂದ್ರಯಾನದ ಚಿತ್ರ ಬರೆದವನು. ಮರಳುಗಾಡಿನಲ್ಲಿ ನಿಂತ ಎರಡು ಯಂತ್ರಗಳನ್ನು ಅವನು ಬರೆದ. ಎತ್ತರದ ಚಿನ್ನದ ಬಣ್ಣದ್ದು ‘ಮೆಟ್ರೊಪೊಲಿಸ್’ನ ರೋಬಾಟಿನ ಬಳಗ. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನವರು ಹಣ ಬಿಚ್ಚಲು ಆ ಚಿತ್ರಗಳು ದೊಡ್ಡ ಕಾರಣವಾದವು. ಕಥೆಯ ಒಂದು ಕರಡಿನಲ್ಲಿ ಖಳನಾಯಕ ಡಾರ್ತ್ ವೇಡರ್ ಒಂದು ನೌಕೆಯಿಂದ ಇನ್ನೊಂದಕ್ಕೆ ಬಯಲು ಆಕಾಶದಲ್ಲಿ ದಾಟಿಬರಬೇಕು. ಗಾಳಿಯಿಲ್ಲದ ಕಡೆ ಉಸಿರಾಡುವುದು ಹೇಗೆಂದು ಮೆಕ್‌ಕ್ವಾರಿ ಅವನ ಮುಖಕ್ಕೆ ಉಸಿರಿನ ಮುಖವಾಡ ಇಟ್ಟ, ತಲೆಗೆ ಜಪಾನಿ ಸಮುರಾಯ್ ಶಿರಸ್ತ್ರಾಣ. ಆ ದೃಶ್ಯ ಹೋಯಿತು, ಮುಖವಾಡ ಉಳಿಯಿತು. ಅದರ ಹಿಂದಿನ ಬುಸುಬುಸು ಉಸಿರೇ ಮುಂದೆ ಇಡೀ ಸರಣಿಯ ಕಥೆಗೆ ಬೆನ್ನೆಲುಬಾಯಿತು.

ಇನ್ನೊಬ್ಬ ವಿನ್ಯಾಸಕ ಕಾಲಿನ್ ಕ್ಯಾಂಟ್‌ವೆಲ್ ಹೇಳಿದ ಸಂಗತಿಯೂ ಇಂಥದ್ದೇ. ಡೆತ್ ಸ್ಟಾರ್ ಎಂಬ ಗೋಳದ ಮಾದರಿಯನ್ನು ಎರಡು ಬಟ್ಟಲಾಗಿ ಅಚ್ಚು ಹಾಕಿದಾಗ ಅಂಚುಗಳು ಕುಗ್ಗಿ ಒಂದಕ್ಕೊಂದು ಕೂಡಲಿಲ್ಲವಂತೆ. ತುಂಬಿ ಸಮ ಮಾಡುವ ತಾಪತ್ರಯ ಯಾಕೆಂದು ನಡುವೆ ಒಂದು ಕಂದಕ ಇರಲಿ ಎಂದನಂತೆ. ಕೊನೆಯ ಕಾಳಗ ನಡೆಯುವುದು ಆ ಕಂದಕದಲ್ಲೇ. ಇದ್ದ ಹತ್ತು ಪರದೆಗೆ ನಾಟಕ ಹೊಂದಿಸುತ್ತಿದ್ದ ಕಂಪನಿಯ ಮಾಲೀಕರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. 1977ರಲ್ಲಿ ಚಿತ್ರ ತೆರೆಕಂಡಿತು. ಮುಂದೆ 1979ರ ‘ಏಲಿಯನ್’ಗೆ ಎಚ್.ಆರ್. ಗೀಗರ್, 1982ರ ‘ಬ್ಲೇಡ್ ರನ್ನರ್’ಗೆ ಸಿಡ್ ಮೀಡ್ ಎಂದು ಬಣ್ಣದವರ ಹೆಸರು ಜನರ ಬಾಯಿಗೆ ಬಂತು. ಬಳಸದೆ ಬಿಟ್ಟ ಮೆಕ್‌ಕ್ವಾರಿಯ ರೂಪವೊಂದು 2014ರಲ್ಲಿ ಅದೇ ಸರಣಿಯ ಕಾರ್ಟೂನಿಗೆ ಪಾತ್ರವಾಗಿ ಬಂದು ಕೂತಿತು. ಎಲ್ಲ ಕಾಗದವನ್ನೂ ಜೋಪಾನವಾಗಿ ಎತ್ತಿಟ್ಟ ಫಲ. ನಮ್ಮ ಕಂಪನಿಗಳು ಮುಚ್ಚಿದಾಗ ಪರದೆ ಸಾಲಗಾರನ ಪಾಲಾಗುತ್ತಿತ್ತು, ನಕಾಶೆಯ ಕಾಗದವನ್ನು ಕೇಳುವವರೇ ಇರಲಿಲ್ಲ.

ಕನ್ನಡದಲ್ಲಿ ಇಂಥ ಸರಣಿ ಅಂದರೆ ನೆನಪಾಗುವುದು ದೊರೈ-ಭಗವಾನ್ ತೆಗೆದ ಸಿ.ಐ.ಡಿ. 999 ಎಂಬ ಪತ್ತೇದಾರನ ಚಿತ್ರಗಳು. 1968ರ ‘ಜೇಡರ ಬಲೆ’ಯಲ್ಲಿ ಲೋಹವನ್ನು ಬಂಗಾರ ಮಾಡುವ ವಿಜ್ಞಾನಿಯ ಸೂತ್ರದ ಬೆನ್ನು ಹತ್ತಿದ ರಾಜ್‌ಕುಮಾರ್, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ನಲ್ಲಿ, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ನಲ್ಲಿ, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಮತ್ತೆ ಬಂದರು. ವಿಜ್ಞಾನ ಅಲ್ಲಿ ಕಥೆಗೆ ನೆಪ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬಾಟ್ ಆದರು, 2010ರ ‘ಸೂಪರ್’ನಲ್ಲಿ 2030ರ ಭಾರತ ತೋರಿಸಿದರು. ಧೈರ್ಯ ಮೆಚ್ಚಬೇಕಾದದ್ದೇ. ಆದರೆ ಚಿತ್ರಮಂದಿರದಿಂದ ಹೊರಬಂದ ಮೇಲೂ ಕಣ್ಣಲ್ಲಿ ನಿಲ್ಲುವ ಒಂದು ಊರು, ಒಂದು ಯಂತ್ರ ಇವುಗಳಿಂದ ಸಿಕ್ಕಿತೆಂದು ನಾನು ಹೇಳಲಾರೆ.

ಯಂತ್ರವನ್ನು ಕಾಣದ ಜನ ನಾವು ಎಂದರೆ ಸುಳ್ಳಾದೀತು. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಾಗದಲ್ಲೇ 1885ರಲ್ಲಿ ಗಿರಣಿಗೆ ಕೈ ಹಾಕಿದರು. 1887ರಲ್ಲಿ ನೀರಿನ ಬಲದಿಂದ ಅದರ ಕದಿರುಗಳು ತಿರುಗಿದವು. ದೇಶದಲ್ಲಿ ನೀರಿನಿಂದ ಕರೆಂಟು ಮೊದಲು ಹುಟ್ಟಿದ್ದೇ ಇಲ್ಲಿ ಎಂದು ಊರವರು ಎದೆಯುಬ್ಬಿಸಿ ಹೇಳುತ್ತಾರೆ. ಕಣಿವೆಯ ಆಳದಲ್ಲಿ ಯಂತ್ರದ ಮನೆ, ಮೇಲೆ ತೂಗುಸೇತುವೆ, ಬಂಡೆಯ ನೆತ್ತಿಯಲ್ಲಿ ಚಾಲುಕ್ಯರ ಕಾಲದ ಗುಡಿ, ಪಕ್ಕದಲ್ಲಿ ಗಿರಣಿಯ ಸೈರನ್ನು. ಮೆಲಿಯೆ ಚಂದ್ರನನ್ನು ಬರೆಯುವುದಕ್ಕೆ ಹದಿನೈದು ವರ್ಷ ಮೊದಲೇ ಯಂತ್ರ ಇಲ್ಲಿ ತಿರುಗುತ್ತಿತ್ತು. ಆದರೂ ಕಂಪನಿಯ ಪರದೆಗೆ ಅದು ಏರಲಿಲ್ಲ. ಗಿರಣಿ ಅಂದರೆ ಪಾಳಿ, ಪಗಾರ, ಹತ್ತಿಯ ಧೂಳು. ಮೂರು ಪಾಳಿಯಲ್ಲಿ ದುಡಿದು ಬಂದವನಿಗೆ ನಾಟಕದಲ್ಲೂ ಗಿರಣಿ ತೋರಿಸಿದರೆ ಟಿಕೀಟು ಯಾರು ಕೊಳ್ಳಬೇಕು? ಅವನಿಗೆ ಬೇಕಾದದ್ದು ವೈಕುಂಠ. ಬಣ್ಣದವನು ಅದನ್ನೇ ಬರೆದುಕೊಟ್ಟ. ಪಡುವಣದ ಕಾರ್ಖಾನೆಯ ಮಕ್ಕಳು ಕಾರ್ಖಾನೆಯನ್ನೇ ಆಕಾಶಕ್ಕೆ ಎತ್ತಿ ನೌಕೆ ಮಾಡಿದರು, ನಾವು ದೇವರ ವಿಮಾನವನ್ನೇ ಮತ್ತೆ ಮತ್ತೆ ಇಳಿಸಿದೆವು. ಇದರಲ್ಲಿ ಹೆಚ್ಚು ಕಡಿಮೆಯ ಮಾತಿಲ್ಲ, ಬೇಡಿಕೆ ಎಲ್ಲಿತ್ತೋ ಕುಂಚ ಅಲ್ಲಿಗೆ ಹೋಯಿತು.

2024ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂದ ತೆಲುಗಿನ ‘ಕಲ್ಕಿ 2898 ಎಡಿ’ ಎರಡನ್ನೂ ಒಂದೇ ಚೌಕಟ್ಟಿಗೆ ತಂದಿತು. ಮಹಾಭಾರತದ ಅಶ್ವತ್ಥಾಮ ಒಂದು ಕಡೆ, ನೀರಿಲ್ಲದೆ ಒಣಗಿದ ಮುಂದಿನ ಕಾಲದ ಕಾಶಿ ಇನ್ನೊಂದು ಕಡೆ. ಅದರಲ್ಲಿ ಬರುವ ಬುಜ್ಜಿ ಎಂಬ ಮಾತಾಡುವ ವಾಹನವನ್ನು ಮೊದಲು ಚಿತ್ರಕಾರರು ಬರೆದರು. ಆಮೇಲೆ ಮಹೀಂದ್ರ ಮತ್ತು ಕೊಯಮತ್ತೂರಿನ ಜಯೇಮ್ ಕಂಪನಿಗಳ ಎಂಜಿನಿಯರುಗಳು ಅದನ್ನು ಸುಮಾರು ಆರು ಟನ್ ತೂಕದ, ರಸ್ತೆಯ ಮೇಲೆ ನಿಜವಾಗಿ ಓಡುವ ಗಾಡಿಯನ್ನಾಗಿ ಕಟ್ಟಿಕೊಟ್ಟರು. ಗ್ಯಾರೇಜಿನಲ್ಲಿ ನಟ್ಟು-ಬೋಲ್ಟು ಬಿಗಿಯುವ ಮೊದಲು ಅದು ಎಷ್ಟೋ ಸಲ ಕಾಗದದ ಮೇಲೆ ಕೆಟ್ಟು, ಮತ್ತೆ ರಿಪೇರಿಯಾಗಿರಬೇಕು.